ಹನ್ನೊಂದು ಕಿಲೋ ಇನ್ನೂರು ಗ್ರಾಂ

ಕಾರಿನ ತೂಕ ಇಳಿಯಿತೆಂದು ಹೆದರಿದ ಮೆಕ್ಯಾನಿಕ್ಕನ್ನು ಯಾರೂ ಕಂಡಿರಲಿಕ್ಕಿಲ್ಲ. ಇಳಿಸಬೇಕೆಂದೇ ಐದು ತಿಂಗಳು ಮೈ ಮುರಿದು ದುಡಿದವನು, ಇಳಿದ ದಿನ ತಲೆಯ ಮೇಲೆ ಕೈ ಹೊತ್ತು ಕೂತರೆ ನೋಡಿದವರು ನಗದೆ ಇನ್ನೇನು ಮಾಡುತ್ತಾರೆ? ಮಧುಗಿರಿಯಲ್ಲಿ ಪಾವಗಡ ರಸ್ತೆಯ ಪಕ್ಕದ ತಗಡಿನ ಶೆಡ್ಡಿನೊಳಗೆ ಆ ಶುಕ್ರವಾರ ಬೆಳಿಗ್ಗೆ ಓಬಳರಾಜು ಹಾಗೆಯೇ ಕೂತಿದ್ದ. ನಾಲಿಗೆ ಒಣಗಿತ್ತು. ಎದುರಿಗೆ ಕೆಂಪು ಕಾರು ನಾಲ್ಕು ತಕ್ಕಡಿಗಳ ಮೇಲೆ ನಾಲ್ಕು ಚಕ್ರ ಇಟ್ಟುಕೊಂಡು, ತನಗೇನೂ ಗೊತ್ತೇ ಇಲ್ಲವೆನ್ನುವ ಹಾಗೆ ನಿಂತಿತ್ತು.

ಆ ಕಾರಿನ ಕತೆಯನ್ನು ಮೊದಲು ಹೇಳಬೇಕು. ಕೊರಟಗೆರೆಯಲ್ಲಿ ಪ್ರಭುದೇವ್ ಎಂಬ ವಕೀಲರಿದ್ದಾರೆ. ಕೋರ್ಟಿನಲ್ಲಿ ಎಷ್ಟು ನಿಧಾನವೋ ಕಾರಿನ ವಿಷಯದಲ್ಲಿ ಅಷ್ಟೇ ಅವಸರದ ಮನುಷ್ಯ. ಎಲ್ಲಿಂದಲೋ ಒಂದೇ ಮಾದರಿಯ, ಒಂದೇ ವರ್ಷದ ಎರಡು ಸ್ಪೋರ್ಟ್ಸ್ ಕಾರುಗಳನ್ನು ಹುಡುಕಿ ತಂದರು. ಅರವತ್ತು ವರ್ಷ ಹಳೆಯವು, ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ. ಎರಡಕ್ಕೂ ಈಗಿನ ಕಾಲದ ಒಂದೇ ಥರದ ಇಂಜಿನ್ ಕೂರಿಸಿ ತೂಗಿಸಿದಾಗ ಎರಡೂ ಸರಿಯಾಗಿ ಏಳುನೂರ ಮೂವತ್ತೈದು ಕಿಲೋ ಬಂದವು. ಆಮೇಲೆ ಹಸಿರು ಕಾರು ಶಿರಾದ ದಸ್ತಗೀರ್ ಸಾಬರ ಗ್ಯಾರೇಜಿಗೆ ಹೋಯಿತು, ಕೆಂಪು ಕಾರು ಓಬಳರಾಜುವಿನ ಪಾಲಿಗೆ ಬಂತು. ಇಂಜಿನ್ ಒಂದೇ ಆದ ಮೇಲೆ ಗೆಲ್ಲುವುದು ಹಗುರವಾದದ್ದು ತಾನೆ? ಯಾರು ಎಷ್ಟು ಇಳಿಸುತ್ತಾರೆ ನೋಡೇಬಿಡೋಣ ಎಂಬುದು ವಕೀಲರ ಆಸೆ. ಭಾನುವಾರ ರಾಯಚರ್ಲು ಕಡೆ, ಸೋಲಾರ್ ಪ್ಲೇಟುಗಳ ನಡುವಿನ ನೇರ ರಸ್ತೆಯಲ್ಲಿ, ಹಳೆ ಕಾರುಗಳ ಕ್ಲಬ್ಬೊಂದು ಅನುಮತಿ ಪಡೆದು ಓಟ ಇಟ್ಟಿತ್ತು. ಒಂದೊಂದೇ ಕಾರು ಓಡಬೇಕು, ಗಡಿಯಾರ ನೋಡಿ ಹೋಲಿಸಬೇಕು. ಕೆಂಪು ಕಾರನ್ನು ಓಡಿಸುವವಳು ಓಬಳರಾಜುವಿನ ಮಗಳು ರಮ್ಯಶ್ರೀ.

ಅವನ ಭಯವೆಲ್ಲ ಇದ್ದದ್ದು ಅಲ್ಲೇ. ಇಪ್ಪತ್ತನಾಲ್ಕರ ಹುಡುಗಿ, ಆಟೋಮೊಬೈಲ್ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆಗೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಅಪ್ಪನ ಕೈಚಳಕ ಬರುವುದಕ್ಕೆ ಮುಂಚೆಯೇ ಅಪ್ಪನ ಹಟ ಅವಳಿಗೆ ಬಂದಿತ್ತು.

ಹನ್ನೆರಡು ವರ್ಷದ ಹಿಂದೆ ಓಬಳರಾಜು ಇಂಥದ್ದೇ ಕೆಲಸ ಮಾಡಿದ್ದ. ಆಗ ಲೆಕ್ಕವೂ ಇರಲಿಲ್ಲ, ಬುಕ್ಕೂ ಇರಲಿಲ್ಲ, ಬರೀ ಹುಮ್ಮಸ್ಸಿತ್ತು. ಒಂದು ಹಳೆ ಕಾರಿನ ಮೈಗೆಲ್ಲ ತೂತು ಕೊರೆದು, ಹಗುರ ಮಾಡಿ, ಸ್ವಂತ ಅಣ್ಣ ಪೆದ್ದಣ್ಣನ ಕೈಗೆ ಕೊಟ್ಟ. ಸಿದ್ದರಬೆಟ್ಟಕ್ಕೆ ಹೋಗುವ ದಾರಿಯ ತಿರುವಿನಲ್ಲಿ ಸೀಟಿನ ಅಡಿಯ ತಗಡು ಹರಿದು ಪೆದ್ದಣ್ಣ ಸೀಟಿನ ಸಮೇತ ಆಚೆಗೆ ಬಿದ್ದ. ಆ ತಗಡಿಗೆ ಎಷ್ಟು ತೂತು ಕೊರೆದಿದ್ದೆ ಎಂಬುದು ಓಬಳರಾಜುವಿಗೇ ನೆನಪಿರಲಿಲ್ಲ. ಪೆದ್ದಣ್ಣ ಉಳಿದ, ಅವನ ಬಲಗಾಲು ಉಳಿಯಲಿಲ್ಲ. ಈಗ ನಾಗಲಮಡಿಕೆಯಲ್ಲಿ, ಹೆಂಡತಿಯ ಊರಿನಲ್ಲಿ ಇದ್ದಾನೆ. ತಮ್ಮನನ್ನು ಒಂದು ದಿನವೂ ಬೈದವನಲ್ಲ. ಬೈದಿದ್ದರೆ ಓಬಳರಾಜು ಇಷ್ಟು ಹೆದರುಪುಕ್ಕಲನಾಗುತ್ತಿರಲಿಲ್ಲವೋ ಏನೋ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಓಬಳರಾಜು ಅಂದಿನಿಂದ ಒಂದು ಕಟ್ಟಳೆ ಮಾಡಿಕೊಂಡ. ಕಾರಿನಿಂದ ಬಿಚ್ಚಿದ್ದು ಒಂದು ಮೊಳೆಯಾದರೂ ಸರಿ, ಅದನ್ನು ತೂಗಬೇಕು, ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು, ಹಿಂದಿನ ಹಲಗೆಯ ಮೇಲೆ ಜೋಡಿಸಿಡಬೇಕು. ತೂತು ಕೊರೆದರೆ ಉದುರಿದ ಪುಡಿಯನ್ನೂ ಗುಡಿಸಿ ಡಬ್ಬಿಗೆ ತುಂಬಿ ತೂಗಬೇಕು. ಕೆಲಸ ಮುಗಿದ ಮೇಲೆ ಗೋಡೆಯ ಲೆಕ್ಕಕ್ಕೂ ಕಾರಿನ ತೂಕಕ್ಕೂ ತಾಳೆಯಾಗಬೇಕು. ತಾಳೆಯಾಗದ ಕಾರು ಶೆಡ್ಡಿನ ಹೊಸಿಲು ದಾಟುವ ಹಾಗಿಲ್ಲ.

"ತೆಗ್ದಿದ್ದು ಎಲ್ಲೋ ಇರ್ಲೇಬೇಕು ಕಣವ್ವ. ಇಲ್ಲ ಅಂದ್ರೆ ನಮ್ಗೆ ಗೊತ್ತಿಲ್ದಂಗೆ ಏನೋ ಹೋಗೈತೆ ಅಂತ್ಲೇ ಅರ್ಥ," ಎಂದು ಮಗಳಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು.

ತೂಗುವುದಕ್ಕೂ ಅವನದೇ ಒಂದು ಕ್ರಮವಿತ್ತು. ಹುಣಸೆಹಣ್ಣಿನ ಮಂಡಿಯ ಚನ್ನಮಲ್ಲಯ್ಯನವರಿಂದ ಮೂಟೆ ತೂಗುವ ನಾಲ್ಕು ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಕೇಳಿ ತರುತ್ತಿದ್ದ. ಹಲಗೆ ಹಾಸಿ ಕಾರನ್ನು ಹತ್ತಿಸಿ, ಒಂದೊಂದು ಚಕ್ರವನ್ನು ಒಂದೊಂದು ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದ. ಆಮೇಲೆ ತಾನೇ ಸ್ಟೀರಿಂಗ್ ಹಿಡಿದು ಕೂರುತ್ತಿದ್ದ. ಆಳು ಕೂತಾಗಲೇ ಯಾವ ಚಕ್ರದ ಮೇಲೆ ಎಷ್ಟು ಭಾರ ಬೀಳುತ್ತದೆಂದು ತಿಳಿಯುವುದು. ಆಳಿಲ್ಲದ ಗಾಡಿಯನ್ನು ತೂಗುವುದೆಂದರೆ ಅವನಿಗೆ ಅಪಶಕುನ. ಪೆದ್ದಣ್ಣ ಆಚೆಗೆ ಬಿದ್ದ ಮೇಲೆ ಸ್ವಲ್ಪ ದೂರ ಖಾಲಿಯಾಗಿಯೇ ಓಡಿದ ಆ ಕಾರನ್ನು ಅವನು ಕಣ್ಣಾರೆ ಕಂಡಿದ್ದ. ರಮ್ಯಶ್ರೀ ನಾಲ್ಕೂ ತಕ್ಕಡಿಗಳ ಅಂಕೆ ಓದಿ ಕೂಡಿಸುತ್ತಿದ್ದಳು. ಬರೆದಾದ ಮೇಲೆ ತಕ್ಕಡಿಗಳನ್ನು ಆಫ್ ಮಾಡಿಸಿಯೇ ಅವನು ಇಳಿಯುತ್ತಿದ್ದ, ಕುಲುಕಾಟಕ್ಕೆ ಸಾವ್ಕಾರರ ತಕ್ಕಡಿ ಕೆಟ್ಟೀತು ಎಂದು. ಕೊನೆಗೆ ಒಟ್ಟು ಮೊತ್ತದಲ್ಲಿ ಅವನ ತೂಕ ಎಪ್ಪತ್ತೆರಡನ್ನು ಕಳೆದರೆ ಕಾರಿನ ತೂಕ.

ಈ ಎಪ್ಪತ್ತೆರಡು ಗೋಡೆಯ ಮೇಲುಗಡೆ ದೊಡ್ಡದಾಗಿ ಬರೆದಿತ್ತು. ಪ್ರತಿ ಸಂಕ್ರಾಂತಿಗೆ, ಹುಣಸೆಹಣ್ಣು ಮಂಡಿಗೆ ಬರಲು ಶುರುವಾದಾಗ, ಓಬಳರಾಜು ತಕ್ಕಡಿ ಹತ್ತಿ ನಿಲ್ಲುತ್ತಿದ್ದ. ಹನ್ನೆರಡು ಸಂಕ್ರಾಂತಿಯೂ ಅಷ್ಟೇ ಬಂದಿತ್ತು. ಮಗಳು ಬೆಳೆದು ದೊಡ್ಡವಳಾದಳು, ಹೆಂಡತಿಯ ತಲೆ ನರೆಯಿತು, ಇವನ ಎಪ್ಪತ್ತೆರಡು ಮಾತ್ರ ಅಲುಗಲಿಲ್ಲ.

ಈ ಸಲದ ಲೆಕ್ಕ ಹೀಗಿತ್ತು. ತೆಗೆದದ್ದು ನೂರಮೂವತ್ತೊಂದು ಕಿಲೋ ನಾನೂರು ಗ್ರಾಂ. ಬಂಪರು, ಹಳೆ ಸೀಟು, ಕಬ್ಬಿಣದ ಬಾನೆಟ್ಟು, ಗಾಜು, ಹೀಟರು, ಎಲ್ಲವೂ ಹಿಂದಿನ ಹಲಗೆಯ ಮೇಲಿದ್ದವು. ಹಾಕಿದ್ದು ಇಪ್ಪತ್ತಾರು ಕಿಲೋ ಎಂಟುನೂರು, ಅದರಲ್ಲಿ ಹೆಚ್ಚಿನದು ಕಾರು ಮಗುಚಿದರೆ ಮಗಳ ತಲೆ ಕಾಯುವ ಕಬ್ಬಿಣದ ಕಮಾನು. ಅಲ್ಲಿಗೆ ಕಾರು ಆರುನೂರ ಮೂವತ್ತು ಕಿಲೋ ನಾನೂರು ಗ್ರಾಂ ಬರಬೇಕು.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ತೂಗಿದಾಗ ಬಂದದ್ದು ಆರುನೂರ ಹತ್ತೊಂಬತ್ತು ಕಿಲೋ ಇನ್ನೂರು.

"ಇನ್ನೊಂದ್ಸಲ ಕೂಡ್ಸವ್ವ," ಎಂದ ಓಬಳರಾಜು.

ರಮ್ಯಶ್ರೀ ಮೊಬೈಲಿನಲ್ಲಿ ಮತ್ತೆ ಕೂಡಿಸಿದಳು. "ಅಷ್ಟೇ ಅಪ್ಪ. ಹನ್ನೊಂದು ಕಿಲೋ ಇನ್ನೂರು ಕಮ್ಮಿ."

ಐವತ್ತು ಗ್ರಾಂ, ನೂರು ಗ್ರಾಂ ಆಚೀಚೆ ಬಂದರೆ ಧೂಳು ಎನ್ನಬಹುದು. ಹನ್ನೊಂದು ಕಿಲೋ ಎಂದರೆ ಒಂದು ಚಕ್ರಕ್ಕಿಂತ ಹೆಚ್ಚು. ಯಾರೂ ಬಿಚ್ಚದೆ, ಯಾರೂ ಕೊರೆಯದೆ, ಹನ್ನೊಂದು ಕಿಲೋ ಕಬ್ಬಿಣ ಈ ಕಾರಿನಿಂದ ಹೋದದ್ದಾದರೂ ಎಲ್ಲಿಗೆ?

ಅಷ್ಟರಲ್ಲಿ ಪ್ರಭುದೇವ್ ಫೋನು ಮಾಡಿದರು. "ಓಬಳಣ್ಣ, ದಸ್ತಗೀರ್ ಹಸಿರು ಕಾರು ತೂಗಿದ್ದಾರೆ, ಆರುನೂರ ನಲವತ್ತೊಂದು. ನಿಮ್ಮದೆಷ್ಟು?"

ಓಬಳರಾಜು ತೊದಲುತ್ತಾ ಹೇಳಿದ. ವಕೀಲರು ಆ ಕಡೆಯಿಂದ ಕುಣಿಯುವುದೊಂದು ಬಾಕಿ.

"ಅರೆ, ಇಪ್ಪತ್ತೆರಡು ಕಿಲೋ ಹಗುರ! ಗೆದ್ದ ಹಾಗೇ ಅಲ್ವೇನ್ರೀ?"

"ಇಲ್ಲ ಸ್ವಾಮಿ. ಲೆಕ್ಕಕ್ಕಿಂತ ಹನ್ನೊಂದು ಕಿಲೋ ಕಮ್ಮಿ ಬಂದೈತೆ."

"ಕಡಿಮೆ ಆದ್ರೆ ಖುಷಿ ಪಡಬೇಕಲ್ವಾ?"

"ನಾನು ತೆಗೆದಿದ್ರೆ ಖುಷಿ ಸ್ವಾಮಿ. ತಾನಾಗೇ ಹೋಗಿದ್ರೆ ಭಯ," ಎಂದ ಓಬಳರಾಜು. "ಕಾರು ಕಳ್ಸಕ್ಕಾಗಲ್ಲ. ಹೋಗಿದ್ದೇನು ಅಂತ ಗೊತ್ತಾಗೋ ಗಂಟ ನನ್ನ ಮಗಳನ್ನ ಅದ್ರಲ್ಲಿ ಕೂರ್ಸಲ್ಲ."

ಕಾರು ಹೊರುವ ಲಾರಿ ಸಂಜೆ ಐದಕ್ಕೆ ಬರುತ್ತದೆ, ಅಷ್ಟರೊಳಗೆ ಹುಡುಕಿಕೊಳ್ಳಿ ಎಂದು ಹೇಳಿ ವಕೀಲರು ಫೋನಿಟ್ಟರು. ಅವರಿಗೇನು, ಕೂರುವವಳು ಅವರ ಮಗಳಲ್ಲವಲ್ಲ ಎಂದು ಓಬಳರಾಜುವಿಗೆ ಸಿಟ್ಟು ಬಂತು. ಆ ಸಿಟ್ಟೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಭಯವೇ ಅದನ್ನು ನುಂಗಿ ಹಾಕಿತು.

ಅಪ್ಪ ಮಗಳು ಕಾರನ್ನು ತಕ್ಕಡಿಯಿಂದ ಇಳಿಸಿ ಜಾಕಿನ ಮೇಲೆ ಎತ್ತಿ ನಿಲ್ಲಿಸಿದರು. ಓಬಳರಾಜುವಿನ ಅನುಮಾನವೆಲ್ಲ ಕಾರಿನ ಮೈ ಹೊತ್ತ ಅಡಿಚೌಕಟ್ಟು, ಛಾಸಿಯ ಮೇಲೆ. ಅರವತ್ತು ವರ್ಷದ ಕಬ್ಬಿಣ. ಹೊರಗೆ ಬಣ್ಣ ಬಳಿದುಕೊಂಡು ಚೆನ್ನಾಗಿರುತ್ತದೆ, ಒಳಗೊಳಗೇ ತುಕ್ಕು ತಿಂದು ಮುಗಿಸಿರುತ್ತದೆ. ಕಾರನ್ನು ಅಲ್ಲಾಡಿಸುವಾಗೆಲ್ಲ ಚೂರು ಚೂರೇ ಉದುರಿ ಹೋಗಿದ್ದರೆ ಯಾರಿಗೆ ತಿಳಿಯುತ್ತದೆ? ಭಾನುವಾರ ರಸ್ತೆಯ ಮೇಲೆ ಮಗಳು ಪೂರ್ತಿ ವೇಗದಲ್ಲಿ ಹೋಗುವಾಗ ಅದು ಮುರಿದರೆ? ಅವನಿಗೆ ಪೆದ್ದಣ್ಣನ ಕೂಗು ಕೇಳಿಸಿತು. ಹನ್ನೆರಡು ವರ್ಷವಾದರೂ ಆ ಕೂಗು ಮಾಸಿರಲಿಲ್ಲ.

ಕಾರಿನಡಿ ಅಂಗಾತ ಮಲಗಿ ಸುತ್ತಿಗೆಯಿಂದ ಅಂಗುಲ ಅಂಗುಲವನ್ನೂ ಬಡಿದು ಕಿವಿಗೊಟ್ಟು ಕೇಳಿದ. ಗಟ್ಟಿ ಕಬ್ಬಿಣದ ಟಣ್ ಎಂಬ ಸದ್ದೇ ಬಂತು. ನೆಮ್ಮದಿಯಾಗುವ ಬದಲು ಅವನು ಇನ್ನಷ್ಟು ಹೆದರಿದ. ತಪ್ಪು ಕಣ್ಣಿಗೆ ಕಂಡರೆ ಸರಿ ಮಾಡಬಹುದು, ಕಾಣದ ತಪ್ಪಿಗೆ ಯಾವ ಸ್ಪ್ಯಾನರು ಹಾಕುವುದು? ರಮ್ಯಶ್ರೀ ತಂತಿಯ ತುದಿಯ ಕ್ಯಾಮರಾವನ್ನು ಛಾಸಿಯ ತೂತಿನೊಳಗೆ ಬಿಟ್ಟು ಮೊಬೈಲಿನಲ್ಲಿ ನೋಡಿದಳು.

"ಒಳಗೆ ನಾವು ಬಳ್ದಿದ್ದ ರೆಡ್ ಆಕ್ಸೈಡು ಬಣ್ಣ ಹಂಗೇ ಐತಪ್ಪ. ತುಕ್ಕಿಲ್ಲ."

"ಸರ್ಯಾಗಿ ನೋಡು. ಮೂಲೆ ನೋಡು."

"ಮೂಲೆನೂ ನೋಡ್ದೆ. ಅಪ್ಪ, ನೀನು ವಸಿ ಎದ್ದು ಕೂತ್ಕೊ. ಯಾಕಿಂಗೆ ಏದುಸಿರು ಬಿಡ್ತೀಯ?"

"ಭಯ ಕಣವ್ವ, ಇನ್ನೇನು," ಎಂದು ಅವನು ಕೈ ಊರಿ ಎದ್ದ. ಪ್ಯಾಂಟು ಜಾರಿತು. ಹಳೆ ಸೀಟ್ ಬೆಲ್ಟಿನ ತುಂಡೊಂದನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ, ಅದನ್ನೇ ಮತ್ತೊಂದು ಸುತ್ತು ಬಿಗಿದ. ಹೆಂಡತಿ ಮಂಗಳಾ ಎರಡು ಸಲ ಪ್ಯಾಂಟಿನ ಸೊಂಟ ಹಿಡಿದು ಹೊಲಿದಾಗಿತ್ತು. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುವುದನ್ನು ಕಂಡು ದಿನಾ ಗೊಣಗುತ್ತಿದ್ದಳು. ಬೇಸಿಗೆ ಕಣೇ, ಮೇಲಿಂದ ಈ ಕಾರಿನ ಯೋಚನೆ ಎಂದು ಅವನು ಬಾಯಿ ಮುಚ್ಚಿಸುತ್ತಿದ್ದ. ಅವನ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ.

ಹತ್ತು ಗಂಟೆಗೆ ಚನ್ನಮಲ್ಲಯ್ಯನವರು ಟಿವಿಎಸ್‌ನಲ್ಲಿ ಬಂದರು. ತಮ್ಮ ತಕ್ಕಡಿಯ ಮೇಲೆ ಅನುಮಾನವೆಂದು ಯಾರೋ ಹೇಳಿದ್ದಿರಬೇಕು, ಇಪ್ಪತ್ತು ಕಿಲೋದ ಎರಡು ಕಬ್ಬಿಣದ ತೂಕದ ಬಟ್ಟುಗಳನ್ನೂ ಹೊತ್ತು ತಂದಿದ್ದರು. ಎರಡನ್ನೂ ಒಟ್ಟಿಗೆ ಒಂದೊಂದೇ ತಕ್ಕಡಿಯ ಮೇಲೆ ಇಟ್ಟು ತೋರಿಸಿದರು. ನಾಲ್ಕೂ ಸರಿಯಾಗಿ ನಲವತ್ತು ತೋರಿಸಿದವು.

"ಹಣೆಗೆ ವಿಭೂತಿ ಹಚ್ಚಿ ವ್ಯಾಪಾರಕ್ಕೆ ಕೂರೋನು ನಾನು. ನನ್ನ ತಕ್ಕಡಿ ಸುಳ್ಳು ಹೇಳ್ತದೇನಪ್ಪಾ?" ಎಂದರು. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದಂಗೆ ಆಗ್ಯದೇನೋ, ತಣ್ಣಗೆ ಕೂತು ನೋಡು."

ಓಬಳರಾಜುವಿಗೆ ತಣ್ಣಗೆ ಕೂರಲು ಎಲ್ಲಿಯ ಪುರುಸೊತ್ತು? ಹಲಗೆಯ ಮೇಲಿದ್ದ ಪ್ರತಿಯೊಂದು ಸಾಮಾನನ್ನೂ ಮತ್ತೆ ತೂಗಿದ. ಗೋಡೆಯ ಅಂಕೆಗೂ ಅದಕ್ಕೂ ಹತ್ತು ಗ್ರಾಂ ವ್ಯತ್ಯಾಸವೂ ಇರಲಿಲ್ಲ. ಬ್ರೇಕು ನೋಡಿದ, ಸ್ಟೀರಿಂಗ್ ನೋಡಿದ, ಸೀಟಿನ ಬೋಲ್ಟನ್ನು ಎಂಟು ಸಲ ಬಿಗಿ ನೋಡಿದ. ಎಲ್ಲವೂ ಇದ್ದವು. ಇಲ್ಲದ್ದು ಯಾವುದೆಂದೇ ಗೊತ್ತಾಗಲಿಲ್ಲ. ಕಾರನ್ನು ಮತ್ತೆ ತಕ್ಕಡಿಯ ಮೇಲೆ ಹತ್ತಿಸಿ, ತಾನು ಕೂತು, ಉಸಿರು ಬಿಗಿಹಿಡಿದು ತೂಗಿಸಿದ. ಆರುನೂರ ಹತ್ತೊಂಬತ್ತು ಕಿಲೋ ಇನ್ನೂರು. ದೆವ್ವ ಹೊಕ್ಕ ಮನೆಯಲ್ಲಾದರೂ ಇದ್ದೇನು, ಈ ಅಂಕೆಯ ಮುಂದೆ ಇರಲಾರೆ ಎನ್ನಿಸಿತು ಅವನಿಗೆ.

"ಲಾರಿ ಬ್ಯಾಡ ಅಂತ ಹೇಳ್ಬುಡು," ಎಂದು ಇಳಿದು, ಗೋಡೆಗೊರಗಿ ಕುಸಿದ.

"ಅಪ್ಪ, ಎಲ್ಲ ನೋಡಿದ್ದಾಯ್ತಲ್ಲ. ಕಾರು ಗಟ್ಟಿ ಐತೆ. ನಾನು ಓಡಿಸ್ತೀನಿ."

"ನಿಮ್ಮ ದೊಡ್ಡಪ್ಪನೂ ಇಂಗೇ ಅಂದಿದ್ದ ಕಣೇ!" ಎಂದು ಅವನು ಕೂಗಿದ. ಕೂಗು ಅಷ್ಟು ಜೋರಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. "ಅವ್ನೂ ಗಟ್ಟಿ ಐತೆ ಅಂದ. ನಾನೂ ಹೂಂ ಅಂದೆ."

ಅಪ್ಪನ ಕಟ್ಟಳೆಗಳನ್ನು ರಮ್ಯಶ್ರೀ ಇದುವರೆಗೆ ಮೀರಿದವಳಲ್ಲ. ಅಂದು ಬೇರೆ ದಾರಿ ಕಾಣದೆ, ಒಂದು ಕಟ್ಟಳೆ ಮುರಿದಳು. ಬಗ್ಗಿ, ಆಫ್ ಮಾಡಿದ್ದ ನಾಲ್ಕೂ ತಕ್ಕಡಿಗಳನ್ನು ಮತ್ತೆ ಆನ್ ಮಾಡಿದಳು. ಕಾರಿನಲ್ಲಿ ಯಾರೂ ಇರಲಿಲ್ಲ. ಖಾಲಿ ಕಾರಿನ ತೂಕ ತೋರಿಸುವುದು ಬಿಟ್ಟು, ಆನ್ ಮಾಡುವಾಗ ಮೇಲಿದ್ದ ಭಾರವನ್ನೇ ಸೊನ್ನೆ ಎಂದುಕೊಂಡ ಆ ತಕ್ಕಡಿಗಳು ನಾಲ್ಕೂ ಸೊನ್ನೆ ತೋರಿಸಿದವು. ಅವಳು ಬಿಡಲಿಲ್ಲ. ಒಬ್ಬಳೇ ಕಾರನ್ನು ಹಲಗೆಯ ಮೇಲೆ ಹಿಂದಕ್ಕೆ ತಳ್ಳಿ, ಖಾಲಿ ತಕ್ಕಡಿಗಳನ್ನು ಆಫ್ ಮಾಡಿ ಆನ್ ಮಾಡಿ, ಮತ್ತೆ ಮುಂದಕ್ಕೆ ತಳ್ಳಿದಳು. ಈಗ ಅಂಕೆಗಳು ಮೂಡಿದವು. ಒಂದೊಂದನ್ನೇ ಓದಿ ಕೂಡಿಸಿದಳು. ಆಮೇಲೆ ಇನ್ನೊಂದು ಸಲ ಕೂಡಿಸಿದಳು.

"ಅಪ್ಪ," ಎಂದಳು. "ಆರುನೂರ ಮೂವತ್ತು ಕಿಲೋ ನಾನೂರು."

ಓಬಳರಾಜು ದಡಕ್ಕನೆ ಎದ್ದ. ಅಂಕೆಗಳನ್ನು ತಾನೇ ಬಗ್ಗಿ ಓದಿದ. ಗೋಡೆ ನೋಡಿದ, ತಕ್ಕಡಿ ನೋಡಿದ. ತಾಳೆಯಾಗಿತ್ತು. ಒಂದು ಗ್ರಾಂ ಕೂಡ ಕಳೆದಿರಲಿಲ್ಲ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಗಿ ಅವನು ಗಟ್ಟಿಯಾಗಿ ನಕ್ಕೇಬಿಟ್ಟ.

"ಸರಿ ಐತೆ ಕಣವ್ವ! ಕಾರು ಸರಿ ಐತೆ! ಎಲ್ಲೂ ಏನೂ ಹೋಗಿಲ್ಲ! ಲಾಯರ್‌ಗೆ ಫೋನ್ ಮಾಡು, ಲಾರಿ ಬರ್ಲಿ ಅನ್ನು. ದಸ್ತಗೀರ್ ಸಾಬ್ರಿಗಿಂತ ಹತ್ತು ಕಿಲೋ ಹಗುರ, ಇನ್ನೇನ್ ಬೇಕು? ಬೆಳಿಗ್ಗೆ ತಕ್ಕಡಿಗೆ ಏನೋ ಗ್ರಹಚಾರ ಹಿಡ್ದಿತ್ತು ಬುಡು."

"ತಕ್ಕಡಿ ಅದೇ ಅಪ್ಪ," ಎಂದಳು ರಮ್ಯಶ್ರೀ. ಅವಳು ನಗುತ್ತಿರಲಿಲ್ಲ. "ಆಗ ನೀನು ಕೂತಿದ್ದೆ. ಈಗ ನೀನಿಲ್ಲ. ಅಷ್ಟೇ ಬ್ಯಾರೆ ಆಗಿರೋದು."

ಅವಳು ನೋಡುತ್ತಿದ್ದದ್ದು ಗೋಡೆಯ ಮೇಲುಗಡೆ ಬರೆದಿದ್ದ ಎಪ್ಪತ್ತೆರಡನ್ನು. ಆಮೇಲೆ ಅಪ್ಪನ ಕುತ್ತಿಗೆಯ ಎಲುಬನ್ನು, ಸಡಿಲವಾದ ತೋಳನ್ನು, ಎರಡು ಸುತ್ತು ಬಿಗಿದ ಸೀಟ್ ಬೆಲ್ಟಿನ ತುಂಡನ್ನು ನೋಡಿದಳು. ದಿನಾ ಎದುರಿಗೇ ಇದ್ದವನನ್ನು ಅವಳು ಅಂದೇ ಮೊದಲು ನೋಡಿದಂತಿತ್ತು. ಕಾರಿನ ಒಂದು ಬೋಲ್ಟು ಬದಲಾದರೆ ದೂರದಿಂದಲೇ ಗುರುತಿಸುತ್ತಿದ್ದ ಹುಡುಗಿ ಅವಳು. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಕಾರನ್ನು ಹಿಂದಕ್ಕೆ ತಳ್ಳಿ, ಮುಂದಿನ ಎಡ ತಕ್ಕಡಿಯನ್ನು ಖಾಲಿ ಮಾಡಿ, "ಹತ್ತಪ್ಪ," ಎಂದಳು.

"ನಂದೇನೇ? ನಂದು ಎಪ್ಪತ್ತೆರಡು."

"ಹತ್ತು."

ಓಬಳರಾಜು ಚಪ್ಪಲಿ ಬಿಟ್ಟು ಹತ್ತಿದ. ಅಂಕೆ ಸ್ವಲ್ಪ ಹೊತ್ತು ಹೊಯ್ದಾಡಿ ನಿಂತಿತು. ಅರವತ್ತು ಕಿಲೋ ಎಂಟುನೂರು ಗ್ರಾಂ.

"ನೋಡ್ದಾ, ನನ್ನೂ ಹಗುರ ಮಾಡ್ಬುಟ್ಟಿದ್ದೀನಿ," ಎಂದು ಅವನು ತಮಾಷೆ ಮಾಡಲು ಹೋದ. ಮಗಳು ತುಟಿ ಕಚ್ಚಿಕೊಂಡು ಅಳುತ್ತಿದ್ದಳು. ಬೆಳಿಗ್ಗೆ ತಾನೇ ವಕೀಲರಿಗೆ ಹೇಳಿದ್ದು ನೆನಪಾಯಿತು. ನಾನು ತೆಗೆದಿದ್ದರೆ ಖುಷಿ, ತಾನಾಗೇ ಹೋಗಿದ್ದರೆ ಭಯ. ಅವನು ಬಗ್ಗಿ ಅಂಕೆಯನ್ನು ಮತ್ತೊಮ್ಮೆ ಓದಿದ. ಅವನು ಬಗ್ಗಿದ್ದಕ್ಕೆ ಅದು ಅಲುಗಾಡಿ, ಮತ್ತೆ ಅಲ್ಲಿಗೇ ಬಂದು ನಿಂತಿತು.

ರಮ್ಯಶ್ರೀ ಕಣ್ಣೊರೆಸಿಕೊಂಡು ಸೀಮೆಸುಣ್ಣ ತೆಗೆದುಕೊಂಡಳು. ಅವರ ಶೆಡ್ಡಿನಲ್ಲಿ ಕಡಿಮೆಯಾದದ್ದು ಏನೇ ಇರಲಿ, ಗೋಡೆಗೆ ಬರಬೇಕು. ಎಪ್ಪತ್ತೆರಡನ್ನು ಅಂಗೈಯಲ್ಲಿ ಅಳಿಸಿ ಹೊಸ ತೂಕ ಬರೆದಳು. ತೆಗೆದ ಸಾಮಾನುಗಳ ಪಟ್ಟಿಯ ಕೊನೆಯಲ್ಲಿ, ಹೆಸರು ಬರೆಯುವ ಜಾಗ ಖಾಲಿ ಬಿಟ್ಟು, ಹನ್ನೊಂದು ಕಿಲೋ ಇನ್ನೂರು ಗ್ರಾಂ ಎಂದು ಬರೆದಳು.

ಆ ಹೊತ್ತಿಗೆ ಮಂಗಳಾ ಮಧ್ಯಾಹ್ನದ ಊಟದ ಬುತ್ತಿ ಹಿಡಿದು ಒಳಗೆ ಬಂದಳು. ಐದು ತಿಂಗಳಿಂದ ಊಟ ತಂದಾಗಲೆಲ್ಲ ಆ ಗೋಡೆ ಓದುವುದು ಅವಳಿಗೆ ಅಭ್ಯಾಸವಾಗಿತ್ತು. ಅಂದೂ ಬುತ್ತಿ ಇಳಿಸುತ್ತಾ ಓದಿದಳು. ಕೊನೆಯ ಸಾಲಿನಲ್ಲಿ ಕಣ್ಣು ನಿಂತಿತು.

"ಏನ್ರೀ, ಹನ್ನೊಂದು ಕಿಲೋದ್ದು ಅದ್ಯಾವ ಸಾಮಾನ್ರೀ ತೆಗ್ದಿದ್ದು? ಹೆಸ್ರೇ ಬರ್ದಿಲ್ಲ," ಎಂದು ಹಿಂದಿನ ಹಲಗೆಯ ಕಡೆ ತಿರುಗಿ ನೋಡಿದಳು. "ಎಲ್ಲಿಟ್ಟಿದ್ದೀರಾ ಅದನ್ನ?"

ಹಲಗೆಯ ಮೇಲೆ ಬಂಪರಿತ್ತು, ಬಾನೆಟ್ಟಿತ್ತು, ಹಳೆ ಸೀಟಿತ್ತು, ಪುಡಿ ತುಂಬಿದ ಡಬ್ಬಿಯಿತ್ತು. ಹನ್ನೆರಡು ವರ್ಷದಲ್ಲಿ ಗೋಡೆಯ ಮೇಲಿದ್ದದ್ದು ಹಲಗೆಯ ಮೇಲೆ ಇಲ್ಲದ್ದು ಅದೇ ಮೊದಲು. ಓಬಳರಾಜು ತಕ್ಕಡಿಯಿಂದ ಕೆಳಗಿಳಿದು ಹೆಂಡತಿಯ ಭುಜ ಹಿಡಿದುಕೊಂಡ.

"ಸಿಕ್ಕಿಲ್ಲ ಕಣೇ," ಎಂದ. "ಹುಡುಕ್ಬೇಕು."

ರಮ್ಯಶ್ರೀ ಆಗಲೇ ಹೊರಗೆ ಹೋಗಿ, ತುಮಕೂರಿನ ಆಸ್ಪತ್ರೆಗೆ ಹೋಗಲು ವ್ಯಾನು ಸ್ಟಾರ್ಟ್ ಮಾಡಿದ್ದಳು.